ಮಂಜುಗಡ್ಡೆಯಿಲ್ಲದ ತಿಂಗಳುಗಳು

ಜುಲೈ ತಿಂಗಳಿನ ಬಿಸಿಲಿನಲ್ಲಿ, ಹಾಲೆಂಡಿನಲ್ಲಿಯೋ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿಯೋ, ಕೆಲವು ತರುಣ ತರುಣಿಯರು ಮೊಣಕಾಲುಗಳನ್ನು ಲಂಬಕೋನಕ್ಕೆ ಸಮೀಪವಾಗಿ ಬಾಗಿಸಿ, ಬೆನ್ನನ್ನು ನೆಲಕ್ಕೆ ಸಮಾಂತರವಾಗಿ ಚಾಚಿ, ಕೈಗಳನ್ನು ಸೊಂಟದ ಹಿಂದೆ ಕಟ್ಟಿಕೊಂಡು, ಬಾತುಕೋಳಿಯ ಗತಿಯಲ್ಲಿ ದಿಬ್ಬವನ್ನೇರುತ್ತಿರುವುದನ್ನು ಕಂಡ ದಾರಿಹೋಕನು, ಇದೇನು ಶಿಕ್ಷೆಯೋ ವಿನೋದವೋ ಎಂದು ಶಂಕಿಸಿದರೆ ತಪ್ಪು ಅವನದಲ್ಲ. ಅವರು ಸ್ಪೀಡ್ ಸ್ಕೇಟಿಂಗಿನ ಅಭ್ಯಾಸಿಗಳು. ಮಂಜುಗಡ್ಡೆಯು ಇನ್ನೂ ತಿಂಗಳುಗಳ ದೂರದಲ್ಲಿರುವಾಗ, ಅದು ಪಾದದಡಿಯಲ್ಲಿಯೇ ಇದೆಯೆಂದು ಭಾವಿಸಿ ದೇಹವನ್ನು ಪಳಗಿಸುತ್ತಿರುವವರು. ಈ ವಿಚಿತ್ರ ನಡಿಗೆಗೂ ಒಂದು ಚರಿತ್ರೆಯುಂಟು.

ಓಡುವವನು ನೆಲವನ್ನು ಹಿಂದಕ್ಕೆ ಒದೆದು ಮುಂದಕ್ಕೆ ಹೋಗುತ್ತಾನೆ. ಸ್ಕೇಟರನಿಗೆ ಆ ಸೌಕರ್ಯವಿಲ್ಲ. ಅಲಗು ಮುಂದಕ್ಕೆ ಜಾರುತ್ತಲೇ ಇರುವುದರಿಂದ ಅವನು ಒತ್ತಬಹುದಾದ ದಿಕ್ಕು ಪಕ್ಕದ್ದೊಂದೇ. ಅವನನ್ನು ತಡೆಯುವ ಶಕ್ತಿಗಳಲ್ಲಿ ಗಾಳಿಯದೇ ಸಿಂಹಪಾಲಾದುದರಿಂದ ಅವನು ಕುಗ್ಗಿಯೇ ಇರಬೇಕು. ಕುಗ್ಗಿದಷ್ಟೂ ಒತ್ತು ನೀಳವಾಗುತ್ತದೆ. ಆದರೆ ಆ ಭಂಗಿಯಲ್ಲಿ ತೊಡೆಯ ಸ್ನಾಯುಗಳು ಬಿಗಿದೇ ಇರುವುದರಿಂದ ರಕ್ತಸಂಚಾರಕ್ಕೆ ಅಡ್ಡಿಯಾಗಿ, ಕಾಲುಗಳು ಬೆಂಕಿಯಂತೆ ಉರಿಯುತ್ತವೆ. ಇಂಥ ಅಸ್ವಾಭಾವಿಕ ಭಂಗಿಯನ್ನು ಮಂಜುಗಡ್ಡೆಯಿಲ್ಲದೆ ರೂಢಿಸುವುದು ಹೇಗೆಂಬುದೇ ಈ ಕ್ಷೇತ್ರದ ಮೂಲಪ್ರಶ್ನೆ.

ಮೊದಮೊದಲಿನವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ತೋರುವುದಿಲ್ಲ. 1892ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಘವು ಸ್ಥಾಪಿತವಾಗಿ, ಮರುವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಅಧಿಕೃತ ವಿಶ್ವಸ್ಪರ್ಧೆಗಳು ಮೊದಲ್ಗೊಂಡಾಗ ವಿಜಯಿಯಾದ ಯಾಪ್ ಏಡನ್, 1894 ಮತ್ತು 1895ರಲ್ಲಿ ಸೈಕಲ್ ಪಂದ್ಯದ ವಿಶ್ವಪದವಿಯನ್ನೂ ಗಳಿಸಿದನು. ಬೇಸಗೆಯಲ್ಲಿ ಸೈಕಲ್, ಚಳಿಗಾಲದಲ್ಲಿ ಸ್ಕೇಟ್ ಎಂಬ ಈ ಜೋಡಿ ಆಗಿನ್ನೂ ಶಾಸ್ತ್ರವಾಗಿರಲಿಲ್ಲ, ಬರಿಯ ಅಭಿರುಚಿಯಾಗಿತ್ತು. 1914ರಲ್ಲಿ ದಾವೋಸಿನಲ್ಲಿ ನಾರ್ವೆಯ ಆಸ್ಕರ್ ಮಾಥಿಸೆನ್ 1500 ಮೀಟರುಗಳನ್ನು 2 ನಿಮಿಷ 17.4 ಸೆಕೆಂಡುಗಳಲ್ಲಿ ಕ್ರಮಿಸಿ ಸ್ಥಾಪಿಸಿದ ದಾಖಲೆಯು 1937ರವರೆಗೆ ಅಳಿಯದೆ ನಿಂತಿತೆಂಬುದು ಆತನ ಪ್ರತಿಭೆಗೆ ಸಾಕ್ಷಿ. ಅನಂತರದವರ ಸಾಧನಾಕ್ರಮದ ಮಾಂದ್ಯಕ್ಕೂ ಸಾಕ್ಷಿಯಾಗಿರಬಹುದೆಂದು ನನ್ನ ಗುಮಾನಿ.

1958ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ, 1961ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ, ಕೃತಕವಾಗಿ ಹೆಪ್ಪುಗಟ್ಟಿಸಿದ 400 ಮೀಟರುಗಳ ಪಥಗಳು ಸಿದ್ಧವಾದುವು; ಎರಡನೆಯದಕ್ಕೆ ಏಡನ್ನನ ಹೆಸರನ್ನೇ ಇಟ್ಟರು. ಮಂಜುಗಡ್ಡೆಯು ಸುಲಭವಾದ ಮೇಲೆ ಬೇಸಗೆಯ ಸಾಧನೆ ಹಿಂದೆ ಸರಿಯಬೇಕಾಗಿತ್ತಷ್ಟೆ; ಆದದ್ದು ಅದಕ್ಕೆ ವಿಪರೀತ. ಪಥವು ತೆರೆಯುವ ದಿನ ಆಕಾಶದ ಕೃಪೆಯನ್ನು ಬಿಟ್ಟು ಪಂಚಾಂಗಕ್ಕೆ ಒಳಪಟ್ಟುದರಿಂದ, ಆ ದಿನದಿಂದ ಹಿಂದಕ್ಕೆ ಎಣಿಸಿ ಮೇ ತಿಂಗಳಿನ ಮೊದಲ ವಾರಕ್ಕೂ ಕೆಲಸವನ್ನು ಹಂಚುವುದು ಸಾಧ್ಯವಾಯಿತು.

ಈ ಎಣಿಕೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ, 1972ರ ಸಪ್ಪೊರೊ ಒಲಿಂಪಿಕ್ಸಿನಲ್ಲಿ 1500 ಮೀಟರಿನ ಸ್ವರ್ಣವನ್ನು ಗೆದ್ದು, ತರುವಾಯ ವಿಸ್ಕಾನ್ಸಿನ್ನಿನ ಮ್ಯಾಡಿಸನ್ ನಗರದಲ್ಲಿ ಶಿಕ್ಷಕಿಯಾಗಿ ನೆಲಸಿದ ಡಯಾನ್ ಹೋಲಮ್ ಅಗ್ರಗಣ್ಯಳು. ಆಕೆಯ ಶಿಷ್ಯನಾದ ಎರಿಕ್ ಹೈಡನ್ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸಿನಲ್ಲಿ 500 ಮೀಟರಿನಿಂದ 10,000 ಮೀಟರಿನವರೆಗಿನ ಐದು ಸ್ವರ್ಣಗಳನ್ನೂ ಒಬ್ಬನೇ ಬಾಚಿದನೆಂಬುದನ್ನು ಜಗತ್ತು ಬಲ್ಲದು. ಆ ಐದರ ಬೇರುಗಳಿದ್ದದ್ದು ಸೈಕಲ್ಲಿನಲ್ಲಿ, ಭಾರವೆತ್ತುವುದರಲ್ಲಿ, ಬಾತುನಡಿಗೆಯಲ್ಲಿ, ಜಾರುಹಲಗೆಯಲ್ಲಿ. ಜಾರುಹಲಗೆಯೆಂದರೆ ಎರಡು ತುದಿಗಳಲ್ಲಿ ತಡೆಗಟ್ಟೆಗಳಿರುವ, ಆಳುದ್ದಕ್ಕಿಂತ ತುಸು ದೊಡ್ಡದಾದ ನುಣುಪು ಹಾಸು. ಉಣ್ಣೆಯ ಕಾಲುಚೀಲ ತೊಟ್ಟು ಒಂದು ಗಟ್ಟೆಯನ್ನು ಒತ್ತಿ ಇನ್ನೊಂದಕ್ಕೆ ಜಾರಿ, ಮರಳಿ ಜಾರಿ, ಹೀಗೆ ನಿಮಿಷಗಟ್ಟಲೆ ನಡೆಯುವ ಈ ಆಟ ಮಕ್ಕಳಾಟದಂತೆ ತೋರುತ್ತದೆ. ನೋಡುವ ಕಣ್ಣು ಬೇರೆಯದನ್ನು ನೋಡುತ್ತದೆ: ಮೊಣಕಾಲು ಕಾಲ್ಬೆರಳಿನ ನೇರಕ್ಕಿದೆಯೆ, ಒತ್ತು ಹಿಂದಕ್ಕೆ ಸೋರದೆ ಪಕ್ಕಕ್ಕೇ ಹೋಯಿತೆ, ಆಯಾಸವೇರಿದಾಗ ನಿತಂಬವು ತನ್ನಷ್ಟಕ್ಕೆ ಎರಡು ಅಂಗುಲ ಮೇಲೆದ್ದಿತೆ? ಆ ಎರಡು ಅಂಗುಲಗಳಲ್ಲಿಯೇ ಸೋಲು ಅಡಗಿರುತ್ತದೆ. ತಿರುವುಗಳೆಲ್ಲ ಎಡಕ್ಕೇ ಆದುದರಿಂದ, ಸೊಂಟಕ್ಕೆ ಬಿಗಿದ ಪಟ್ಟಿಯನ್ನು ಜೊತೆಗಾರನು ಹಿಡಿದಿರಲು, ಎಡಕ್ಕೆ ವಾಲಿ ಬಲಗಾಲನ್ನು ಎಡಗಾಲಿನ ಮೇಲೆ ದಾಟಿಸುವ ಅಭ್ಯಾಸವೂ ಬೇರೆ ಉಂಟು.

ಸೈಕಲ್ಲಿನ ನಂಟು ಮುಂದೆ ಇನ್ನಷ್ಟು ಗಟ್ಟಿಯಾಯಿತು. ಪೂರ್ವ ಜರ್ಮನಿಯ ಕ್ರಿಸ್ಟಾ ಲೂಡಿಂಗ್ 1988ನೆಯ ಒಂದೇ ವರ್ಷದಲ್ಲಿ ಕ್ಯಾಲ್ಗರಿಯಲ್ಲಿ ಸ್ಕೇಟಿಂಗಿನ ಸ್ವರ್ಣವನ್ನೂ ಸೋಲಿನಲ್ಲಿ ಸೈಕಲ್ ಪಂದ್ಯದ ರಜತವನ್ನೂ ಪಡೆದಳು (ಸೋಲ್ ಎಂಬುದು ಊರಿನ ಹೆಸರು, ಅವಳು ಸೋತಳೆಂದಲ್ಲ). ಅನಂತರ ಸ್ಕೇಟೇ ಬದಲಾಯಿತು. ಆಮ್‌ಸ್ಟರ್‌ಡಾಮಿನ ವಿಜ್ಞಾನಿ ಖೆರಿಟ್ ಯಾನ್ ಫಾನ್ ಇಂಗೆನ್ ಸ್ಖೆನೌ ಮತ್ತು ಆತನ ಸಂಗಡಿಗರು ಒತ್ತಿನ ಗತಿಶಾಸ್ತ್ರವನ್ನು ಅಳೆದು ರೂಪಿಸಿದ, ಹಿಮ್ಮಡಿಯು ಅಲಗಿನಿಂದ ಬಿಡಿಸಿಕೊಳ್ಳುವ ಕ್ಲಾಪ್ ಸ್ಕೇಟ್ 1998ರ ನಾಗಾನೊ ಕ್ರೀಡೆಗಳಲ್ಲಿ ಹಳೆಯ ಸ್ಕೇಟನ್ನು ಮೂಲೆಗೊತ್ತಿತು. ಒತ್ತುವಾಗ ಕಣಕಾಲನ್ನು ಬಳಸಬಾರದೆಂದು ತಲೆಮಾರುಗಳಿಂದ ಕಲಿತಿದ್ದವರು ಅದನ್ನು ಬಳಸಲು ಹೊಸದಾಗಿ ಕಲಿಯಬೇಕಾಯಿತು.

ಇಷ್ಟು ಸೂಕ್ಷ್ಮವಾಗಿ ಬೆಳೆದ ಪದ್ಧತಿಯನ್ನು ಸ್ವೀಡನ್ನಿನ ನಿಲ್ಸ್ ಫಾನ್ ಡೆರ್ ಪೂಲ್ ತಲೆಕೆಳಗು ಮಾಡಿದನು. ಬಗೆಬಗೆಯ ವ್ಯಾಯಾಮಗಳ ವೈವಿಧ್ಯವನ್ನು ತೊರೆದು, ಬೇಸಗೆಯಲ್ಲಿ ವಾರಕ್ಕೆ 30 ಗಂಟೆಗಳಿಗೂ ಮಿಗಿಲಾಗಿ, ಮುಖ್ಯವಾಗಿ ಸೈಕಲ್ಲಿನ ಮೇಲೆ, ಐದು ದಿನ ದುಡಿದು ಎರಡು ದಿನ ಸಂಪೂರ್ಣ ವಿಶ್ರಮಿಸಿ, ಚಳಿಗಾಲ ಬಂದಾಗ ಸ್ಪರ್ಧೆಯ ವೇಗದ ಸುತ್ತುಗಳನ್ನೇ ಸುತ್ತಿ, 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ 10,000 ಮೀಟರುಗಳನ್ನು 12 ನಿಮಿಷ 30.74 ಸೆಕೆಂಡುಗಳಲ್ಲಿ ಮುಗಿಸಿದನು. ಇಪ್ಪತ್ತೈದು ಸುತ್ತುಗಳಿಗೆ ಹಂಚಿದರೆ ಸುತ್ತಿಗೆ ಮೂವತ್ತೇ ಸೆಕೆಂಡು! ಹೈಡನ್ನನ ಕಾಲವಾದರೋ 14 ನಿಮಿಷ 28.13 ಸೆಕೆಂಡು. ಫಾನ್ ಡೆರ್ ಪೂಲ್ ವಿವರಗಳನ್ನು ಅಲಕ್ಷಿಸಿದನೆನ್ನುವವರನ್ನು ನಾನು ಒಪ್ಪಲಾರೆ. ಹತ್ತು ವಿವರಗಳಲ್ಲಿ ಒಂಬತ್ತನ್ನು ಬಿಡುವುದಕ್ಕೆ ಹತ್ತನ್ನೂ ತೂಗಿ ನೋಡಿರಬೇಕಾಗುತ್ತದೆ. ಸ್ವರ್ಣವನ್ನು ಗೆದ್ದ ಬೆನ್ನಲ್ಲೇ ಆತನು ತನ್ನ ಸಾಧನಾಕ್ರಮವನ್ನೆಲ್ಲ ಪುಸ್ತಿಕೆಯಾಗಿ ಬರೆದು, ಪ್ರತಿಸ್ಪರ್ಧಿಗಳೂ ಓದಲೆಂದು ಬಹಿರಂಗಪಡಿಸಿದನು. 2025ರ ಜನವರಿಯಲ್ಲಿ ಇಟಲಿಯ ದಾವಿದೆ ಗಿಯೊತ್ತೊ ಕ್ಯಾಲ್ಗರಿಯಲ್ಲಿ ಆತನ 10,000 ಮೀಟರಿನ ಆ ದಾಖಲೆಯಿಂದ ಐದು ಸೆಕೆಂಡುಗಳನ್ನು ಕಳೆದನು.