ಕಟ್ಟಡ ಮಾದರಿಗಳ ಕಡತ ಪರಿವರ್ತನೆ

ಒಂದು ವಿನ್ಯಾಸ ತಂತ್ರಾಂಶದಲ್ಲಿ ರಚಿಸಿದ ಕಟ್ಟಡದ ಮೂರು ಆಯಾಮದ ಮಾದರಿಯನ್ನು ಬೇರೊಂದು ತಂತ್ರಾಂಶ ಓದುವಂಥ ಕಡತವಾಗಿ ಮಾರ್ಪಡಿಸುವ ಕ್ರಿಯೆ. ಒಂದೇ ಮನೆಯ ಮಾದರಿ ಆರ್ಕಿಟೆಕ್ಟರ ಬಳಿ ರೆವಿಟ್ ಅಥವಾ ಸ್ಕೆಚ್‌ಅಪ್‌ನಲ್ಲಿ, ಸ್ಟ್ರಕ್ಚರಲ್ ಎಂಜಿನಿಯರರ ಬಳಿ ಸ್ಟಾಡ್ ಇಲ್ಲವೆ ಇಟ್ಯಾಬ್ಸ್‌ನಲ್ಲಿ, ಗುತ್ತಿಗೆದಾರರ ಬಳಿ ಆಟೊಕ್ಯಾಡ್‌ನಲ್ಲಿ ಇರುವುದರಿಂದ ಈ ಕೆಲಸ ತಪ್ಪಿದ್ದಲ್ಲ.

ಪರಿವರ್ತನೆಯಲ್ಲಿ ಆಕಾರ ಸಾಮಾನ್ಯವಾಗಿ ಉಳಿಯುತ್ತದೆ, ಅರ್ಥ ಕಳೆಯುತ್ತದೆ. ರೆವಿಟ್‌ನ ಗೋಡೆಗೆ ದಪ್ಪ, ಪದರ, ಅಂತಸ್ತು ಎಲ್ಲ ಉಂಟು. ಅದನ್ನು ಸರಿಸಿದರೆ ಅದರೊಳಗಿನ ಕಿಟಕಿಯೂ ಸರಿಯುತ್ತದೆ. ಆಟೊಕ್ಯಾಡ್‌ನ ಡಿಡಬ್ಲ್ಯುಜಿ ಕಡತಕ್ಕೆ ಹೋದಾಗ ಈ ನಂಟು ಕಡಿದು ಘನಾಕೃತಿಯಷ್ಟೇ ಉಳಿಯುತ್ತದೆ. ಎಸ್‌ಟಿಎಲ್ ಕಡತದಲ್ಲಂತೂ ಬರೀ ತ್ರಿಕೋನಗಳು. ಅಳತೆಯ ಏಕಮಾನವೂ ದಾಖಲಾಗುವುದಿಲ್ಲ. ಮಿಲಿಮೀಟರಿನ ಮಾದರಿಯನ್ನು ಇಂಚೆಂದು ಓದಿದರೆ ಮನೆ 25.4 ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಮನೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಬಿಟ್ಟುಹೋದ ಪದರ ಬೀಳುವುದಿಲ್ಲ, ಹಾಗಾಗಿ ಅದೇ ಹೆಚ್ಚು ಅಪಾಯಕಾರಿ.

ಸರ್ವೆ ನಕ್ಷೆಯ ಮೇಲೆ ಮಾದರಿಯನ್ನು ಕೂರಿಸುವಾಗ ಬೇರೊಂದು ತೊಡಕು ಎದುರಾಗುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರವನ್ನೇ ತೆಗೆದುಕೊಳ್ಳಬಹುದು. ಯುಟಿಎಂ ನಿರ್ದೇಶಾಂಕ ಪದ್ಧತಿಯ 43ನೇ ವಲಯದಲ್ಲಿ ಈ ಬಡಾವಣೆ ಸಮಭಾಜಕದಿಂದ ಉತ್ತರಕ್ಕೆ ಸುಮಾರು 17 ಲಕ್ಷ ಮೀಟರ್ ದೂರದಲ್ಲಿದೆ. ಇಷ್ಟು ದೊಡ್ಡ ಸಂಖ್ಯೆಯನ್ನು 32 ಬಿಟ್‌ನ ದಶಾಂಶವಾಗಿ ಇಟ್ಟುಕೊಳ್ಳುವ ತಂತ್ರಾಂಶಕ್ಕೆ ಪಕ್ಕಪಕ್ಕದ ಎರಡು ಬಿಂದುಗಳ ನಡುವೆ 12.5 ಸೆಂಟಿಮೀಟರ್ ಅಂತರ ಬೇಕು. ನಾಲ್ಕೂವರೆ ಇಂಚಿನ ಗೋಡೆಯ ದಪ್ಪ ಅದಕ್ಕಿಂತ ಕಡಿಮೆ! ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುವುದು, ಗೋಡೆಯ ಎರಡು ಮುಖಗಳು ಒಂದಾಗುವುದು ಇದರಿಂದಲೇ. ನಿವೇಶನದ ಮೂಲೆಯೊಂದನ್ನು ಸೊನ್ನೆಯೆಂದು ಹಿಡಿದು, ಎಷ್ಟು ಸರಿಸಿದೆ ಎಂಬುದನ್ನು ಬರೆದಿಟ್ಟು ಕಡತ ಕಳಿಸುವುದು ಇದಕ್ಕಿರುವ ಪರಿಹಾರ.

ತಂತ್ರಾಂಶಗಳ ನಡುವಿನ ವಿನಿಮಯಕ್ಕೆಂದೇ ಇರುವ ಡಿಎಕ್ಸ್‌ಎಫ್ ರೂಪ 1982ರಲ್ಲಿ ಆಟೊಕ್ಯಾಡ್ ಜೊತೆಗೇ ಬಂತು. ಯಾವ ಕಂಪನಿಗೂ ಸೇರದ ಐಎಫ್‌ಸಿ ರೂಪ 1990ರ ದಶಕದಲ್ಲಿ ಬೆಳೆದು, 2013ರಲ್ಲಿ ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಗೋಡೆ ಗೋಡೆಯಾಗಿಯೇ, ತೊಲೆ ತೊಲೆಯಾಗಿಯೇ ದಾಖಲಾಗುತ್ತದೆ. ಆದರೂ ಐಎಫ್‌ಸಿಯನ್ನು ಪರಿಶೀಲನೆಗೆ, ಪರಿಮಾಣ ಲೆಕ್ಕಕ್ಕೆ ನೆಚ್ಚಬಹುದೇ ಹೊರತು ಮತ್ತೆ ತಿದ್ದುವುದಕ್ಕಲ್ಲ. ತಿದ್ದುಪಡಿ ಮೂಲ ಕಡತದಲ್ಲೇ ಆಗಬೇಕು. ತಂತ್ರಾಂಶಗಳ ನಡುವಿನ ಹೊಂದಾಣಿಕೆಯ ಕೊರತೆಯಿಂದ ಅಮೆರಿಕದ ನಿರ್ಮಾಣ ಉದ್ಯಮಕ್ಕೆ 2002ರಲ್ಲಿ 1,580 ಕೋಟಿ ಡಾಲರ್ ನಷ್ಟವಾಯಿತೆಂದು ಅಲ್ಲಿನ ಮಾನಕ ಸಂಸ್ಥೆ ನಿಸ್ಟ್ 2004ರಲ್ಲಿ ಅಂದಾಜಿಸಿತ್ತು.

ಹಳೆಯ ಕಟ್ಟಡಗಳಲ್ಲಿ ಕೆಲಸ ಉಲ್ಟಾ ದಿಕ್ಕಿನಿಂದ ಶುರುವಾಗುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಲ್ಲಿ ನಡೆದ ಹಂಪಿಯ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ಹುಬ್ಬಳ್ಳಿ ವಿದ್ಯಾನಗರದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಪಾಲ್ಗೊಂಡಿತ್ತು. ಛಾಯಾಚಿತ್ರ ಅಥವಾ ಲೇಸರ್ ಸ್ಕ್ಯಾನ್‌ನಿಂದ ಇಂಥ ಕಡೆ ಸಿಗುವುದು ಬಿಂದುಗಳ ರಾಶಿ. ಅದನ್ನು ಹೆಣೆದರೆ ತ್ರಿಕೋನಗಳ ಜಾಲ. ಕಂಬ ಎಲ್ಲಿ ಮುಗಿದು ಬೋದಿಗೆ ಎಲ್ಲಿ ಶುರುವಾಯಿತು ಎಂಬುದು ಜಾಲಕ್ಕೆ ತಿಳಿಯದು. ಇಂಥ ಜಾಲದ ಒಬಿಜೆ ಕಡತವನ್ನು ಐಎಫ್‌ಸಿಯಾಗಿ ಉಳಿಸಿದ ಮಾತ್ರಕ್ಕೆ ಆ ತಿಳಿವು ಬರುವುದೂ ಇಲ್ಲ. ಶಿಲ್ಪದ ಅಂಗಾಂಗ ಬಲ್ಲವರು ಕೂತು ಒಂದೊಂದನ್ನೇ ಗುರುತಿಸಬೇಕು.

ಐಎಫ್‌ಸಿಯ 2024ರ ಐಎಸ್‌ಒ ಆವೃತ್ತಿಯಲ್ಲಿ ರಸ್ತೆ, ಸೇತುವೆ, ರೈಲುಮಾರ್ಗಗಳಿಗೂ ಪ್ರತ್ಯೇಕ ವರ್ಗಗಳು ಸೇರಿವೆ. ನವನಗರದ ಮೂಲಕ ಚಿಗರಿ ಬಸ್ಸುಗಳು ಓಡುವ ಬಿಆರ್‌ಟಿಎಸ್ ಮಾರ್ಗದಂಥದ್ದನ್ನು ಹಿಂದಿನ ಆವೃತ್ತಿಯಲ್ಲಿ ಬರೆಯಹೊರಟರೆ ರಸ್ತೆ ಎಂಬ ವರ್ಗವೇ ಸಿಗುತ್ತಿರಲಿಲ್ಲ.