ಕಿಟ್ಟೆಲ್ ಪಂಡಿತರ ಶಬ್ದಯಜ್ಞ

ಮನುಷ್ಯನ ಧರ್ಮಶ್ರದ್ಧೆಯನ್ನು ಅವನು ವಾದಸಭೆಯಲ್ಲಿ ಆಡಿದ ಮಾತಿನಿಂದ ಅಳೆಯಬೇಕೋ, ನಿತ್ಯದ ಕೆಲಸದಿಂದ ಅಳೆಯಬೇಕೋ ಎಂಬ ಪ್ರಶ್ನೆಯು ಹಳೆಯದು. ನಮ್ಮ ಧಾರವಾಡದಲ್ಲಿ ಕೆಲಕಾಲ ವಾಸಿಸಿದ ಒಬ್ಬ ಕ್ರೈಸ್ತ ಪಂಡಿತರ ಜೀವಿತವನ್ನು ನೆನೆದಾಗಲೆಲ್ಲ ಇದಕ್ಕೆ ಉತ್ತರವು ನನಗೆ ಹೊಳೆಯುವದು. ಅವರೇ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರು.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಅಮರಕೋಶವನ್ನು ಕಂಠಪಾಠ ಮಾಡಿದ ನಮಗೆ ಪಾದ್ರಿಯೊಬ್ಬರ ಕನ್ನಡ ಕೋಶದಿಂದ ಕಲಿಯತಕ್ಕದ್ದೇನಿದೆ ಎಂಬ ಗರ್ವವು ಆಗ ಇದ್ದಿತು. ಮುಂದೆ ನಾನು ಮಾಸ್ತರನಾದ ಮೇಲೆ ಒಕ್ಕಲುತನದ ಮನೆಯ ಹುಡುಗನೊಬ್ಬನು, ಕೂರಿಗೆಯೆಂಬ ಶಬ್ದವು ಕನ್ನಡದ್ದೋ ಸಂಸ್ಕೃತದಿಂದ ಬಂದುದೋ ಎಂದು ತರಗತಿಯಲ್ಲಿ ಕೇಳಿದನು. ಅಮರಸಿಂಹನು ನನ್ನ ನೆರವಿಗೆ ಬರಲಿಲ್ಲ. ನಾಚಿಕೆಯಿಂದಲೇ ಕಿಟ್ಟೆಲ್ ಕೋಶವನ್ನು ತೆರೆದೆನು. ನಮ್ಮ ರೈತನ ಕೂರಿಗೆಯು ಅಲ್ಲಿದ್ದಿತು. ಅಂದಿನಿಂದ ಆ ಗ್ರಂಥವು ನನ್ನ ಮೇಜಿನಿಂದ ಕದಲಿಲ್ಲ.

ಬಾಸೆಲ್ ಮಿಶನ್ನು 1834ರಲ್ಲಿ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅದರ ಠಾಣ್ಯಗಳಾದವು. ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ 1832ರಲ್ಲಿ ಜನಿಸಿದ ಕಿಟ್ಟೆಲ್ಲರು 1853ರಲ್ಲಿ, ಇಪ್ಪತ್ತೊಂದರ ತರುಣರಾಗಿ, ಹಿಂದುಸ್ಥಾನಕ್ಕೆ ಬಂದರು. ಧಾರವಾಡ ಪ್ರಾಂತದಲ್ಲಿದ್ದು ಕನ್ನಡದ ಅಭ್ಯಾಸಕ್ಕೆ ತೊಡಗಿದರು. ಯೆಹೂದ್ಯರಿಗೆ ಯೆಹೂದ್ಯನಂತೆ ಆಗಬೇಕೆಂದ ಸಂತ ಪೌಲನ ಮಾರ್ಗದಲ್ಲಿ, ಭಾರತೀಯರ ನಡುವೆ ಭಾರತೀಯನಾಗಿ ಇರಬೇಕೆಂಬುದು ಅವರ ಹಂಬಲವಾಗಿದ್ದಿತು. ಈ ನಡತೆಯು ಸ್ವಪಕ್ಷದ ಕೆಲವರಿಗೆ ರುಚಿಸಲಿಲ್ಲ. ಉಪದೇಶಕಾರ್ಯದಲ್ಲಿಯೂ ಅವರಿಗೆ ಹೇಳಿಕೊಳ್ಳುವಂಥ ಜಯವು ದೊರೆಯಲಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಚಾರಿಸಬೇಕು. ಪರದೇಶದಿಂದ ಬಂದ ಧರ್ಮೋಪದೇಶಕನು ತನ್ನ ದೇವರನ್ನು ಕುರಿತು ಕನ್ನಡದಲ್ಲಿ ಹೇಳುವದೆಂತು? ಹೊಸ ಶಬ್ದಗಳನ್ನು ಕಟ್ಟಿದರೆ ಯಾರಿಗೂ ತಿಳಿಯದು. ದೇವರು, ಪಾಪ, ಕೃಪೆ, ನಂಬಿಗೆ, ಇವೆಲ್ಲ ಶರಣರೂ ದಾಸರೂ ಬಳಸಿ ಹದಗೊಳಿಸಿದ ಮಾತುಗಳು. ಪಾದ್ರಿಗಳು ಇವನ್ನೇ ಎರವಾಗಿ ಪಡೆಯಬೇಕಾಯಿತು. ಎರವು ತಂದವನು ವಸ್ತುವಿನ ಬೆಲೆಯನ್ನು ತಿಳಿಯದೆ ಇರಲಾಗದು. ಕಲಿಸಲೆಂದು ಬಂದವನು ಮೊದಲು ಕಲಿಯಬೇಕು ಎಂಬ ಈ ಸತ್ಯವನ್ನು ಕಿಟ್ಟೆಲ್ಲರಷ್ಟು ನಿಷ್ಠೆಯಿಂದ ನಡೆಸಿದವರು ವಿರಳ. 1862ರಲ್ಲಿ ಅವರು ಕ್ರಿಸ್ತನ ಚರಿತೆಯನ್ನು ನಮ್ಮ ಛಂದಸ್ಸುಗಳಲ್ಲಿಯೇ ‘ಕಥಾಮಾಲೆ’ಯೆಂದು ಬರೆದರು.

ನನ್ನ ನೆರೆಮನೆಯ ಕ್ರೈಸ್ತ ವೃದ್ಧರು ಒಂದು ದಿನ, “ಮಾಸ್ತರ್ರ, ನಮ್ಮ ಕಿಟ್ಟೆಲ್ ಸಾಹೇಬ್ರು ನಿಮ್ಮ ಯಜ್ಞದ ಮ್ಯಾಲ ಪುಸ್ತಕಾ ಬರದಾರಂತಲ್ರೀ, ಖರೇ ಏನು?” ಎಂದು ಕೇಳಿದರು. ನಿಜವೇ. 1872ರ ‘ಯಜ್ಞಸುಧಾನಿಧಿ’ಯಲ್ಲಿ ಅವರು ವೈದಿಕ ಯಜ್ಞದ ವಿಚಾರವನ್ನು ಕ್ರಿಸ್ತನ ಬಲಿದಾನದೊಡನೆ ಹೊಂದಿಸಿ ನೋಡಿದರು. ಅವರ ಸಿದ್ಧಾಂತವನ್ನು ನಾನು ಒಪ್ಪಲಾರೆನು; ನಮ್ಮ ಯಜ್ಞವು ಮತ್ತೊಂದು ಮತದ ಮುನ್ಸೂಚನೆಯೆಂದು ನನಗೆ ತೋರುವದಿಲ್ಲ. ಸಂಸ್ಕೃತ ಕೋಶಗಳಲ್ಲಿ ದ್ರಾವಿಡ ಶಬ್ದಗಳು ಸೇರಿರುವವೆಂದು ಅವರು ಪಟ್ಟಿ ಮಾಡಿ ತೋರಿಸಿದುದನ್ನು ಓದಿದಾಗ ಮೊದಲು ನನಗೆ ಸಿಟ್ಟೇ ಬಂದಿತು. ಆದರೆ ದೇವವಾಣಿಯೂ ನೆರೆಯವರಿಂದ ಎರವು ಪಡೆದಿರಬಹುದೆಂದು ತಿಳಿದುದರಿಂದ ನನ್ನ ಶ್ರದ್ಧೆಯೇನೂ ಕುಂದಲಿಲ್ಲ, ಅಹಂಕಾರವು ಮಾತ್ರ ಕುಂದಿತು.

ದೇವತೆಯನ್ನುದ್ದೇಶಿಸಿ ತನ್ನದಾದ ದ್ರವ್ಯವನ್ನು ಬಿಟ್ಟುಕೊಡುವದೇ ಯಾಗವೆಂದು ನಮ್ಮ ಮೀಮಾಂಸಕರು ಹೇಳುವರು. ಈ ಲಕ್ಷಣವನ್ನು ಕಿಟ್ಟೆಲ್ಲರ ಆಯುಷ್ಯಕ್ಕೆ ಅನ್ವಯಿಸಿ ನೋಡಿರಿ. 1864ರಲ್ಲಿ ಪತ್ನೀವಿಯೋಗವಾಯಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದರು. 1877ರಲ್ಲಿ ಸ್ವದೇಶಕ್ಕೆ ತೆರಳಿದವರು ಕೋಶದ ಕೆಲಸಕ್ಕಾಗಿ 1883ರಲ್ಲಿ ಮರಳಿ ಬಂದರು. ದೇಶೀಯ ಪಂಡಿತರ ಸಹಾಯದಿಂದ ಹಳಗನ್ನಡ ಕವಿಗಳ ಪದಗಳನ್ನೂ ಹಳ್ಳಿಗರ ಗಾದೆಗಳನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ–ಇಂಗ್ಲಿಷ್ ಕೋಶವು 1,700ಕ್ಕೂ ಮಿಕ್ಕಿದ ಪುಟಗಳದು, ಸುಮಾರು 70,000 ಶಬ್ದಗಳದು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಹೊರಬಿದ್ದಿತು. ಅದೇ ವರ್ಷದ ದಶಂಬರದಲ್ಲಿ ಅವರು ತೀರಿಕೊಂಡರು.

ಮತಪ್ರಚಾರದಿಂದ ನಮ್ಮ ಕೆಲವು ಮನೆತನಗಳಲ್ಲಿ ತಂದೆಮಕ್ಕಳು ಅಗಲಿದ ದುಃಖವೂ ಇತಿಹಾಸದ ಭಾಗವೇ; ಅದನ್ನು ಮರೆಮಾಚಿ ಹೊಗಳುವದು ನನ್ನ ಉದ್ದೇಶವಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಕಿಟ್ಟೆಲ್ಲರು ವಾದದಲ್ಲಿ ಗೆದ್ದುದು ಎಷ್ಟೋ, ಸೋತುದು ಎಷ್ಟೋ. ಆ ವಾದಗಳನ್ನು ಇಂದು ನೆನೆಯುವವರು ಕಡಿಮೆ. ದಿನದಿನವೂ ಒಂದೊಂದು ಶಬ್ದವನ್ನು ವಿಚಾರಿಸಿ, ತೂಗಿ, ಬರೆದಿಟ್ಟ ಆ ದುಡಿಮೆಯು ಮಾತ್ರ ಉಳಿದಿರುವದು. ಹವಿಸ್ಸನ್ನು ಅವರು ತಮ್ಮ ಕ್ರಿಸ್ತನಿಗೆ ಅರ್ಪಿಸಿದರು. ಪ್ರಸಾದವು ಮತಭೇದವಿಲ್ಲದೆ ನಮಗೆಲ್ಲರಿಗೂ ದೊರೆಯಿತು.

ಈಗಲೂ ರವಿವಾರ ಪ್ರಾರ್ಥನೆ ಮುಗಿಸಿಕೊಂಡು ಆ ವೃದ್ಧರು ನಮ್ಮ ಕಟ್ಟೆಗೆ ಬರುವರು. ನನ್ನ ಸಂಧ್ಯಾವಂದನೆಯೂ ಅಷ್ಟರಲ್ಲಿ ಆಗಿರುವದು. ಇಬ್ಬರೂ ಕೋಶವನ್ನು ನಡುವೆ ಇಟ್ಟುಕೊಂಡು ಯಾವದಾದರೊಂದು ಹಳೆಯ ಶಬ್ದವನ್ನು ಹುಡುಕುವೆವು. ದೇವರ ವಿಷಯದಲ್ಲಿ ನಮಗೆ ಒಮ್ಮತವಾಗದಿದ್ದರೂ ಶಬ್ದದ ಅರ್ಥದಲ್ಲಿ ಬಹುಶಃ ಒಮ್ಮತವಾಗುವದು.