ದೃಷ್ಟಿಭ್ರಮೆಯ ನರಜಾಲ ಮಾದರಿಗಳು

ಕಣ್ಣಿಗೆ ಬಿದ್ದದ್ದಕ್ಕೂ ಮನುಷ್ಯ ಕಂಡದ್ದಕ್ಕೂ ನಡುವಿನ ಅಂತರವನ್ನು ಕೃತಕ ನರಜಾಲಗಳಲ್ಲಿ ಮರುಸೃಷ್ಟಿಸಿ ಪರೀಕ್ಷಿಸುವ ಸಂಶೋಧನಾ ಕ್ಷೇತ್ರ. ಇದರ ಪ್ರಸಿದ್ಧ ಪ್ರಯೋಗಕ್ಕೆ ಆಧಾರವಾದದ್ದು ಜಪಾನಿನ ಮನಶ್ಶಾಸ್ತ್ರಜ್ಞ ಅಕಿಯೋಶಿ ಕಿತಾವೊಕ 2003ರಲ್ಲಿ ರಚಿಸಿದ ‘ತಿರುಗುವ ಹಾವುಗಳು’ ಚಿತ್ರ. ಕಪ್ಪು, ನೀಲಿ, ಬಿಳಿ, ಹಳದಿ ಪಟ್ಟಿಗಳು ಅದೇ ಕ್ರಮದಲ್ಲಿ ಸುತ್ತುಗಟ್ಟಿದ ಈ ನಿಶ್ಚಲ ಚಿತ್ರದಲ್ಲಿ ಚಕ್ರಗಳು ತಿರುಗುತ್ತಿರುವಂತೆ ತೋರುತ್ತವೆ.

2018ರಲ್ಲಿ ಸಂಶೋಧಕ ಎಯ್ಜಿ ವತನಾಬೆ ಮತ್ತು ಸಹೋದ್ಯೋಗಿಗಳು ಪ್ರೆಡ್‌ನೆಟ್ ಎಂಬ ಜಾಲವನ್ನು ಈ ಚಿತ್ರದಿಂದ ಪರೀಕ್ಷಿಸಿದರು. ವಿಡಿಯೊದ ಮುಂದಿನ ಚೌಕಟ್ಟನ್ನು ಊಹಿಸಿ, ಊಹೆ ತಪ್ಪಿದಷ್ಟನ್ನು ತಿದ್ದಿಕೊಳ್ಳುತ್ತ ಅದು ಕಲಿಯುತ್ತದೆ. ಮಿದುಳೂ ಹೀಗೆಯೇ ಮುಂದಾಗುವುದನ್ನು ಊಹಿಸುತ್ತದೆ ಎಂಬ ಸಿದ್ಧಾಂತವೇ ಇದರ ಮೂಲ. ಭ್ರಮೆಯ ಬಗ್ಗೆ ಏನನ್ನೂ ಕಲಿಸದಿದ್ದರೂ ಜಾಲ ಊಹಿಸಿದ ಚೌಕಟ್ಟುಗಳಲ್ಲಿ ಚಕ್ರಗಳು ತಿರುಗಿದವು, ಅದೂ ಮನುಷ್ಯರಿಗೆ ಕಾಣುವ ದಿಕ್ಕಿನಲ್ಲೇ. ಹೋಲಿಕೆ ಪೂರ್ಣವಲ್ಲ: ದಿಟ್ಟಿಸಿದ ಚಕ್ರ ಮನುಷ್ಯರಿಗೆ ನಿಂತಂತೆ ಕಾಣುತ್ತದೆ, ಜಾಲಕ್ಕೆ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ನೋಟದ ಕೇಂದ್ರವಾಗಲಿ ಅಂಚಾಗಲಿ ಅದಕ್ಕಿಲ್ಲ.

2019ರಲ್ಲಿ ಚಿತ್ರದ ಗದ್ದಲ (ನಾಯ್ಸ್), ಮಸುಕು ತೆಗೆಯಲು ತರಬೇತಿ ಪಡೆದ ಜಾಲಗಳೂ ಹೊಳಪು, ಬಣ್ಣಗಳ ಭ್ರಮೆಗೆ ಒಳಗಾದದ್ದು ವರದಿಯಾಯಿತು. ಸುತ್ತಲಿನ ಹಿನ್ನೆಲೆ ಕಪ್ಪಾದರೆ ಬೂದುಚೌಕ ಹೆಚ್ಚು ಬೆಳ್ಳಗೆ ಕಾಣುವುದು ಇಂಥ ಭ್ರಮೆ. ಆದರೆ ಫಲಿತಾಂಶ ಮನುಷ್ಯರಂತಿದ್ದ ಮಾತ್ರಕ್ಕೆ ಒಳಗಿನ ಕಾರ್ಯವಿಧಾನವೂ ಒಂದೇ ಎನ್ನಲಾಗದು. ಜಾಲದ ರಚನೆ, ತರಬೇತಿಯ ದತ್ತಾಂಶ ಬದಲಾದರೆ ಭ್ರಮೆಯೂ ಬದಲಾಗಬಹುದು.